ಸ್ಕ್ಯಾನಿಂಗ್ ಯಂತ್ರ ಕಾಣುವುದೇನು, ಹೇಳುವುದೇನು?

ಸ್ಕ್ಯಾನಿಂಗ್ ವರದಿ ಕೈಗೆ ಬಂದಾಗ ಹೆಚ್ಚಿನವರು ಮೊದಲು ಓದುವುದು ಅದರ ಕೊನೆಯ ಸಾಲುಗಳನ್ನು. ಅಲ್ಲಿ ‘ಬಲ ಶ್ವಾಸಕೋಶದಲ್ಲಿ 7 ಮಿಲಿಮೀಟರ್ ಗಾತ್ರದ ಗಂಟು, ಆರು ತಿಂಗಳ ನಂತರ ಮರುಪರೀಕ್ಷೆ ಸೂಕ್ತ’ ಎಂದು ಬರೆದಿದ್ದರೆ ಓದಿದವರ ಎದೆ ಧಸಕ್ಕೆನ್ನುತ್ತದೆ. ಗಂಟು ಎಂದರೆ ಕ್ಯಾನ್ಸರೇ? ಅಲ್ಲವೆಂದಾದರೆ ಬರೆದದ್ದೇಕೆ? ಹೌದೆಂದಾದರೆ ಆರು ತಿಂಗಳು ಸುಮ್ಮನೆ ಕೂರಲು ಹೇಳುವುದು ಎಂಥ ನ್ಯಾಯ? ಅಷ್ಟು ದೊಡ್ಡ ಯಂತ್ರಕ್ಕೆ ಇಷ್ಟು ಚಿಕ್ಕ ಪ್ರಶ್ನೆಗೆ ಉತ್ತರ ಗೊತ್ತಿಲ್ಲವೇ?

ಈ ಗೊಂದಲ ಈಗ ಕಾಯಿಲೆ ಬಿದ್ದವರದಷ್ಟೇ ಅಲ್ಲ. ಯಾವ ತೊಂದರೆಯೂ ಇಲ್ಲದವರಿಗೆ ‘ಇಡೀ ದೇಹದ ಸ್ಕ್ಯಾನಿಂಗ್ ಮಾಡಿಸಿಕೊಳ್ಳಿ’ ಎಂಬ ಜಾಹೀರಾತುಗಳು ಬರುತ್ತಿವೆ. ಕಣ್ಣಿನ ಒಂದು ಫೋಟೊ ನೋಡಿ ಹೃದಯದ ಭವಿಷ್ಯ ಹೇಳುವ ಕಂಪ್ಯೂಟರ್ ಬಂದಿದೆ ಎಂಬ ಸುದ್ದಿಯನ್ನೂ ಓದುತ್ತೇವೆ. ಇವುಗಳಲ್ಲಿ ಎಷ್ಟನ್ನು ನಂಬಬೇಕು ಎಂದು ತಿಳಿಯಲು, ಯಂತ್ರ ನಿಜವಾಗಿ ಕಾಣುವುದು ಏನನ್ನು ಎಂಬಲ್ಲಿಂದ ಹೊರಡುವುದು ಒಳ್ಳೆಯದು.

ಅದು ಫೋಟೊ ಅಲ್ಲ, ಅಳತೆ

1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ವಿಲ್‌ಹೆಲ್ಮ್ ರಾಂಟ್ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದರು. ಕೆಲವೇ ವಾರಗಳಲ್ಲಿ ಅವರು ತೆಗೆದ ಹೆಂಡತಿಯ ಕೈಯ ಚಿತ್ರದಲ್ಲಿ ಮೂಳೆಗಳೂ ಬೆರಳಿನ ಉಂಗುರವೂ ಎದ್ದು ಕಂಡವು. ಅದು ನೆರಳು. ದೀಪದ ಮುಂದೆ ಕೈ ಹಿಡಿದರೆ ಗೋಡೆಯ ಮೇಲೆ ಬೀಳುತ್ತದಲ್ಲ, ಅದೇ ಜಾತಿಯದು. ಮೂಳೆ ಹೆಚ್ಚು ಕಿರಣಗಳನ್ನು ತಡೆಯುತ್ತದೆ, ಮಾಂಸ ಕಡಿಮೆ ತಡೆಯುತ್ತದೆ, ಗಾಳಿ ತಡೆಯುವುದೇ ಇಲ್ಲವೆನ್ನಬಹುದು.

ನೆರಳಿಗೆ ಒಂದು ದೊಡ್ಡ ದೋಷವಿದೆ. ಒಂದರ ಹಿಂದೆ ಒಂದು ನಿಂತ ನಾಲ್ಕು ಜನರ ನೆರಳು ಗೋಡೆಯ ಮೇಲೆ ಒಂದೇ ಆಗುತ್ತದೆ. ಎದೆಯ ಎಕ್ಸ್‌ರೇಯಲ್ಲಿ ಪಕ್ಕೆಲುಬು, ಹೃದಯ, ಶ್ವಾಸಕೋಶ ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತವೆ. ಹೃದಯದ ಹಿಂದೆ ಅಡಗಿದ ಚಿಕ್ಕ ಗಂಟು ಕಾಣದೇ ಹೋಗಬಹುದು.

ಇದನ್ನು ಬಿಡಿಸಿದ್ದು ಸಿ.ಟಿ. ಸ್ಕ್ಯಾನ್. ಅದರ ಉಪಾಯ ಪತ್ರಿಕೆಯ ಮೂಲೆಯಲ್ಲಿ ಬರುವ ಅಂಕಿಗಳ ಒಗಟಿನಂಥದು. ಎರಡು ಸಾಲುಗಳಲ್ಲಿ ನಾಲ್ಕು ಮನೆಗಳಿವೆ ಎನ್ನೋಣ. ಒಳಗಿನ ಅಂಕಿಗಳು ನಿಮಗೆ ಕಾಣವು. ಮೇಲಿನ ಸಾಲಿನ ಮೊತ್ತ 5, ಕೆಳಗಿನದು 9. ಎಡಗಡೆಯ ಕಂಬಸಾಲು 7, ಬಲಗಡೆಯದೂ 7. ಇಷ್ಟರಿಂದ ಉತ್ತರ ಸಿಗುವುದಿಲ್ಲ. ಆದರೆ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಓರೆಯಾಗಿ ಕೂಡಿದರೆ 4, ಇನ್ನೊಂದು ಓರೆಯಲ್ಲಿ 10 ಎಂದು ತಿಳಿದರೆ ಸಾಕು: ಮೇಲೆ 1 ಮತ್ತು 4, ಕೆಳಗೆ 6 ಮತ್ತು 3. ಬೇರೆ ಉತ್ತರವೇ ಇಲ್ಲ. ಸಿ.ಟಿ. ಯಂತ್ರ ದೇಹದ ಸುತ್ತ ತಿರುಗುತ್ತ ನೂರಾರು ಕೋನಗಳಿಂದ ಇಂಥ ‘ಮೊತ್ತ’ಗಳನ್ನು ಅಳೆಯುತ್ತದೆ. ಪ್ರತಿ ಮೊತ್ತವೂ ಒಂದು ನೆರಳು. ಅವೆಲ್ಲವನ್ನೂ ಹೊಂದಿಸಿ ಕಂಪ್ಯೂಟರ್ ದೇಹದೊಳಗಿನ ಲಕ್ಷಾಂತರ ಮನೆಗಳ ಅಂಕಿಗಳನ್ನು ಬಿಡಿಸುತ್ತದೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳನ್ನು ಹೀಗೆ ನೋಡಲಾಯಿತು. ಯಂತ್ರ ಕಟ್ಟಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಮತ್ತು ಅದರ ಗಣಿತವನ್ನು ಮೊದಲೇ ಬಿಡಿಸಿಟ್ಟಿದ್ದ ಆಲನ್ ಕಾರ್ಮಕ್ 1979ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಸಿ.ಟಿ. ಚಿತ್ರದ ಪ್ರತಿ ಚುಕ್ಕೆಯ ಹಿಂದೆ ಒಂದು ಸಂಖ್ಯೆ ಇದೆ. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಮೈನಸ್ 100ರ ಆಸುಪಾಸು, ಮೂಳೆಗೆ ನೂರಾರು. ಈ ಅಳತೆಗೆ ಹೌನ್ಸ್‌ಫೀಲ್ಡ್ ಅವರ ಹೆಸರನ್ನೇ ಇಟ್ಟಿದ್ದಾರೆ. ಅಷ್ಟೊಂದು ಛಾಯೆಗಳನ್ನು ನಮ್ಮ ಕಣ್ಣು ಒಟ್ಟಿಗೆ ಬೇರ್ಪಡಿಸಲಾರದು. ಹಾಗಾಗಿ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಚಿತ್ರಗಳನ್ನು ಓದುವ ತಜ್ಞವೈದ್ಯರು, ಒಮ್ಮೆ ಮೂಳೆಗೆ ಹೊಂದುವ ಛಾಯೆಗಳನ್ನು, ಇನ್ನೊಮ್ಮೆ ಶ್ವಾಸಕೋಶಕ್ಕೆ ಹೊಂದುವವನ್ನು ಮಾತ್ರ ಪರದೆಯ ಮೇಲೆ ತರುತ್ತಾರೆ. ಕಾಣುವ ಚಿತ್ರ ಸಂಖ್ಯೆಗಳ ಉಡುಪು ಮಾತ್ರ. ಸಂಖ್ಯೆ ಇದ್ದಲ್ಲಿ ಲೆಕ್ಕ ಹಾಕಬಹುದು, ಹೋಲಿಸಬಹುದು. ರೋಗದ ಮುನ್ಸೂಚನೆ ಎಂಬುದು ಹುಟ್ಟಿದ್ದು ಆ ಲೆಕ್ಕದಿಂದ.

ಪ್ರತಿಧ್ವನಿ, ಬುಗುರಿ ಮತ್ತು ರಾತ್ರಿಯ ದೀಪ

ಸಿ.ಟಿ. ಕೇಳುವ ಪ್ರಶ್ನೆ ಒಂದೇ: ಇಲ್ಲಿ ಕಿರಣ ಎಷ್ಟು ತಡೆಯಲ್ಪಟ್ಟಿತು? ಬೇರೆ ಯಂತ್ರಗಳು ಬೇರೆ ಪ್ರಶ್ನೆ ಕೇಳುತ್ತವೆ.

ಅಲ್ಟ್ರಾಸೌಂಡ್ ಪ್ರತಿಧ್ವನಿಯನ್ನು ಕೇಳುತ್ತದೆ. ಬಾವಿಯೊಳಗೆ ಕೂಗಿದ ದನಿ ತಿರುಗಿ ಬರಲು ಹಿಡಿಯುವ ಹೊತ್ತಿನಿಂದ ಆಳವನ್ನು ಅಂದಾಜು ಮಾಡಿದಂತೆ. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಿಸುತ್ತದೆ. ಈ ಯಂತ್ರ ಬಳಸುವುದು ಹತ್ತಾರು ಲಕ್ಷ ಕಂಪನಗಳ ಶಬ್ದವನ್ನು. ಮೆದು ಅಂಗಾಂಶದಲ್ಲಿ ಅದು ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. ವಿಕಿರಣವಿಲ್ಲದ ಕಾರಣ ಗರ್ಭಿಣಿಯರಿಗೆ ಮೊದಲ ಆಯ್ಕೆ. ಮೂಳೆ ಮತ್ತು ಗಾಳಿ ಅಡ್ಡ ಬಂದರೆ ಮಾತ್ರ ಅದರ ಆಟ ನಡೆಯುವುದಿಲ್ಲ. ಇದರದೇ ಸುಧಾರಿತ ರೂಪವೊಂದು ಅಂಗ ಎಷ್ಟು ಬಿಗಿಯಾಗಿದೆ ಎಂದು ಅಳೆಯುತ್ತದೆ. ಯಕೃತ್ತು ನಾರುಗಟ್ಟುತ್ತ ಹೋದಂತೆ ಬಿಗಿಯಾಗುತ್ತದೆ, ಬಿಗಿಯಾದಂತೆ ಕಂಪನ ಅದರಲ್ಲಿ ವೇಗವಾಗಿ ಸಾಗುತ್ತದೆ. ಹಿಂದೆ ಸೂಜಿ ಚುಚ್ಚಿ ತುಣುಕು ತೆಗೆದು ನೋಡುತ್ತಿದ್ದ ಎಷ್ಟೋ ಕಡೆ ಈಗ ಕೆಲವು ನಿಮಿಷಗಳ ಈ ಪರೀಕ್ಷೆ ಸಾಕಾಗುತ್ತದೆ.

ಎಂ.ಆರ್.ಐ. ಸ್ವಲ್ಪ ವಿಚಿತ್ರ. ಬುಗುರಿ ತಿರುಗುವಾಗ ಅದರ ತಲೆ ನಿಧಾನವಾಗಿ ವಾಲಾಡುತ್ತ ಸುತ್ತು ಹಾಕುವುದನ್ನು ನೋಡಿರುತ್ತೀರಿ. ನಮ್ಮ ದೇಹದ ಬಹುಪಾಲು ನೀರು ಮತ್ತು ಕೊಬ್ಬು. ಅವೆರಡರಲ್ಲೂ ಹೈಡ್ರೋಜನ್ ತುಂಬಿದೆ. ಹೈಡ್ರೋಜನ್ನಿನ ಬೀಜಕಣ ಬಲವಾದ ಕಾಂತದ ನಡುವೆ ಬುಗುರಿಯಂತೆ ವಾಲಾಡುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಕಾಂತ ಭೂಮಿಯ ಕಾಂತಬಲಕ್ಕಿಂತ ಸುಮಾರು ಮೂವತ್ತು ಸಾವಿರ ಪಟ್ಟು ದೊಡ್ಡದು. ಅದರಲ್ಲಿ ಈ ವಾಲಾಟ ಸೆಕೆಂಡಿಗೆ ಸುಮಾರು 6.4 ಕೋಟಿ ಸಲ. ಅದೇ ಲಯದ ರೇಡಿಯೊ ತರಂಗವನ್ನು ಬಿಟ್ಟರೆ ಬುಗುರಿಗಳು ಒಟ್ಟಾಗಿ ಬಾಗುತ್ತವೆ. ತರಂಗ ನಿಂತ ಮೇಲೆ ಮೊದಲಿನ ಸ್ಥಿತಿಗೆ ಮರಳುತ್ತ ತಾವೇ ಕ್ಷೀಣವಾದ ಸಂಕೇತ ಕಳುಹಿಸುತ್ತವೆ. ಕೊಬ್ಬಿನಲ್ಲಿರುವವು ಬೇಗ ಮರಳುತ್ತವೆ, ನೀರಿನಲ್ಲಿರುವವು ತಡವಾಗಿ. ಊದಿಕೊಂಡ, ನೀರು ತುಂಬಿದ ಅಂಗಾಂಶ ಎದ್ದು ಕಾಣುವುದು ಈ ವ್ಯತ್ಯಾಸದಿಂದ. ಒಳಗೆ ಮಲಗಿದವರನ್ನು ಹೆದರಿಸುವ ಆ ಢಣಢಣ ಸದ್ದಿಗೂ ರೋಗಕ್ಕೂ ಸಂಬಂಧವಿಲ್ಲ. ಯಾವ ಸಂಕೇತ ಎಲ್ಲಿಂದ ಬಂತೆಂದು ಗುರುತಿಸಲು ಕಾಂತಬಲವನ್ನು ಅತ್ತಿತ್ತ ಬದಲಿಸುವ ಸುರುಳಿಗಳು ನಡುಗುವ ಸದ್ದು ಅದು.

ಎಂ.ಆರ್.ಐ. ಬರೀ ಆಕಾರ ತೋರಿಸಿ ಸುಮ್ಮನಾಗುವುದಿಲ್ಲ. ಪಾರ್ಶ್ವವಾಯುವಿನಲ್ಲಿ ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತಾಗ ಅಲ್ಲಿನ ಕೋಶಗಳು ಊದಿಕೊಂಡು, ನೀರಿನ ಕಣಗಳಿಗೆ ಓಡಾಡಲು ಜಾಗ ಕಡಿಮೆಯಾಗುತ್ತದೆ. ನೀರಿನ ಆ ಓಡಾಟವನ್ನೇ ಅಳೆಯುವ ವಿಧಾನವೊಂದಿದೆ. ಮೊದಲ ಕೆಲವು ಗಂಟೆ ಸಿ.ಟಿ. ಯಲ್ಲಿ ಮಿದುಳು ಸಹಜವಾಗಿಯೇ ಕಾಣಬಹುದು. ಇದರಲ್ಲಿ ಬೇಗನೆ ಗುರುತು ಸಿಗುತ್ತದೆ. ಹಾಗಿದ್ದೂ ಎಷ್ಟೋ ಸಲ ಮೊದಲು ಸಿ.ಟಿ. ಯನ್ನೇ ಮಾಡುತ್ತಾರೆ. ಏಕೆಂದರೆ ರಕ್ತಸ್ರಾವ ಆಗಿದೆಯೇ ಇಲ್ಲವೇ ಎಂಬ ತುರ್ತು ಪ್ರಶ್ನೆಗೆ ಅದು ಕ್ಷಣಗಳಲ್ಲಿ ಉತ್ತರ ಕೊಡುತ್ತದೆ.

ಇನ್ನು ಪೆಟ್ ಸ್ಕ್ಯಾನ್. ಸಿ.ಟಿ. ಯನ್ನು ಊರಿನ ನಕ್ಷೆ ಎಂದುಕೊಂಡರೆ ಪೆಟ್ ಎಂಬುದು ಅದೇ ಊರನ್ನು ರಾತ್ರಿ ವಿಮಾನದಿಂದ ನೋಡಿದಂತೆ. ರಸ್ತೆ ಕಾಣದು, ಎಲ್ಲಿ ದೀಪ ಉರಿಯುತ್ತಿದೆ ಎಂಬುದು ಕಾಣುತ್ತದೆ. ಗ್ಲೂಕೋಸ್‌ನಂಥ ವಸ್ತುವಿಗೆ ವಿಕಿರಣಶೀಲ ಫ್ಲೋರಿನ್ ಅಂಟಿಸಿ ರಕ್ತನಾಳಕ್ಕೆ ಬಿಡುತ್ತಾರೆ. ಸುಮಾರು 110 ನಿಮಿಷಕ್ಕೊಮ್ಮೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಹೆಚ್ಚು ಗ್ಲೂಕೋಸ್ ಹೀರುವ ಕೋಶಗಳು ಹೆಚ್ಚು ಹೊಳೆಯುತ್ತವೆ. ಕ್ಯಾನ್ಸರ್ ಕೋಶಗಳಿಗೆ ಈ ಹಸಿವು ಇದೆ ಎಂಬುದನ್ನು ಆಟೊ ವಾರ್ಬರ್ಗ್ 1920ರ ದಶಕದಲ್ಲೇ ಗಮನಿಸಿದ್ದರು. ಆದರೆ ಆರೋಗ್ಯವಂತ ಮಿದುಳಿಗೂ ಗ್ಲೂಕೋಸ್ ಬೇಕು, ಸೋಂಕು ತಗುಲಿದ ಜಾಗಕ್ಕೂ ಬೇಕು. ಹೊಳೆದದ್ದೆಲ್ಲ ಗೆಡ್ಡೆಯೆಂದು ಓದಿದರೆ ತಪ್ಪಾಗುತ್ತದೆ.

ಪತ್ತೆ ಬೇರೆ, ಮುನ್ಸೂಚನೆ ಬೇರೆ

ಹೊಟ್ಟೆನೋವೆಂದು ಬಂದವರಿಗೆ ಸ್ಕ್ಯಾನ್ ಮಾಡಿ ಕಲ್ಲು ಇದೆ ಎನ್ನುವುದು ಪತ್ತೆ. ಏನೂ ಆಗದವರಲ್ಲಿ ಅಡಗಿರುವ ರೋಗವನ್ನು ಹುಡುಕುವುದು ತಪಾಸಣೆ. ಇನ್ನೂ ಬಾರದ ರೋಗ ಬರುವ ಸಂಭವ ಎಷ್ಟು ಎಂದು ಲೆಕ್ಕ ಹಾಕುವುದು ಮುನ್ಸೂಚನೆ. ಸುದ್ದಿಗಳಲ್ಲಿ ಇವು ಮೂರೂ ಕಲಸಿಹೋಗುತ್ತವೆ.

ಮುನ್ಸೂಚನೆಗೆ ಒಳ್ಳೆಯ ಉದಾಹರಣೆ ಹೃದಯದ ಕ್ಯಾಲ್ಸಿಯಂ ಅಂಕ. ಬಾಗಿಲಿನ ಚೌಕಟ್ಟಿನ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಏನು ತಿಳಿಯುತ್ತೀರಿ? ಆ ಮಣ್ಣು ಮರವನ್ನು ತಿನ್ನುವುದಿಲ್ಲ. ಆದರೆ ತಿನ್ನುವವರು ಬಹುಕಾಲದಿಂದ ಒಳಗಿದ್ದಾರೆ ಎಂದು ಸಾರುತ್ತದೆ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಗೋಡೆಯಲ್ಲಿ ಕೊಬ್ಬು ಶೇಖರವಾಗುತ್ತ ವರ್ಷಗಳು ಕಳೆದಾಗ ಅಲ್ಲಲ್ಲಿ ಕ್ಯಾಲ್ಸಿಯಂ ಕಟ್ಟಿಕೊಳ್ಳುತ್ತದೆ. ಸಿ.ಟಿ. ಯಲ್ಲಿ 130 ಹೌನ್ಸ್‌ಫೀಲ್ಡ್‌ಗಿಂತ ಹೆಚ್ಚು ಬರುವ ಚುಕ್ಕೆಗಳನ್ನು ಆಯ್ದು, ಅವುಗಳ ವಿಸ್ತಾರವನ್ನೂ ಸಾಂದ್ರತೆಯನ್ನೂ ಸೇರಿಸಿ ಒಂದು ಅಂಕ ಕೊಡುವ ವಿಧಾನವನ್ನು ಆರ್ಥರ್ ಅಗಾಟ್‌ಸ್ಟನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದರು. ಸೊನ್ನೆ ಬಂದರೆ ಮುಂದಿನ ಕೆಲವು ವರ್ಷಗಳಲ್ಲಿ ಹೃದಯಾಘಾತದ ಸಂಭವ ಬಹಳ ಕಡಿಮೆ; 100 ದಾಟಿದರೆ ಕೊಲೆಸ್ಟರಾಲ್ ಔಷಧಿಯ ಮಾತು ಗಂಭೀರವಾಗುತ್ತದೆ; 400 ದಾಟಿದರೆ ಕಟ್ಟಿರುವುದು ಬಹಳ. ಹಾಗೆಂದು ಸೊನ್ನೆ ಎಂದರೆ ನಾಳ ಪರಿಶುದ್ಧ ಎಂದಲ್ಲ. ಇನ್ನೂ ಗಟ್ಟಿಯಾಗದ ಮೆದು ಕೊಬ್ಬು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಇನ್ನೊಂದು ಮಾತು. 400 ಬಂದ ಎಲ್ಲರಿಗೂ ಹೃದಯಾಘಾತ ಆಗುವುದಿಲ್ಲ. ಅಂಥ ಅಂಕ ಬಂದ ದೊಡ್ಡ ಗುಂಪನ್ನು ವರ್ಷಗಟ್ಟಲೆ ಗಮನಿಸಿದಾಗ, ಸೊನ್ನೆ ಬಂದ ಗುಂಪಿಗಿಂತ ಹೆಚ್ಚು ಜನರಿಗೆ ಆಯಿತು ಎಂಬುದಷ್ಟೇ ಅದರ ಅರ್ಥ. ಮುನ್ಸೂಚನೆ ಯಾವಾಗಲೂ ಗುಂಪಿನ ಮಾತು. ಆ ಗುಂಪಿನಲ್ಲಿ ನೀವು ಯಾರು ಎಂದು ಯಂತ್ರಕ್ಕೆ ತಿಳಿಯದು.

ಆಲ್‌ಝೈಮರ್ ಕಾಯಿಲೆಯಲ್ಲಿ ಇದು ಇನ್ನೂ ತೊಡಕಿನದು. ಅಮಿಲಾಯ್ಡ್ ಎಂಬ ಪ್ರೋಟೀನು ಮಿದುಳಿನಲ್ಲಿ ಶೇಖರವಾಗುವುದು ಮರೆವು ಕಾಣಿಸಿಕೊಳ್ಳುವುದಕ್ಕೆ ಹದಿನೈದಿಪ್ಪತ್ತು ವರ್ಷ ಮೊದಲೇ ಆರಂಭವಾಗುತ್ತದೆ. ಅದಕ್ಕೆ ಅಂಟಿಕೊಂಡು ಹೊಳೆಯುವ ವಸ್ತುಗಳನ್ನು ಬಳಸಿ ಪೆಟ್ ಸ್ಕ್ಯಾನಿನಲ್ಲಿ ಅದನ್ನು ನೋಡಬಹುದು. ಆದರೆ ತಲೆಯಲ್ಲಿ ಅಮಿಲಾಯ್ಡ್ ಹೊತ್ತುಕೊಂಡೇ ಕೊನೆಯವರೆಗೂ ಚುರುಕಾಗಿ ಬಾಳಿದ ಹಿರಿಯರು ಬಹಳ ಮಂದಿ ಇದ್ದಾರೆ. ಆದ್ದರಿಂದ ಮರೆವಿನ ಲಕ್ಷಣವಿಲ್ಲದವರಿಗೆ ಈ ಪರೀಕ್ಷೆಯನ್ನು ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ.

ಕಂಪ್ಯೂಟರಿನ ಕಣ್ಣು

ಕೃತಕ ಬುದ್ಧಿಮತ್ತೆ ಈ ಕ್ಷೇತ್ರಕ್ಕೆ ಬಂದದ್ದು ಮೊದಲು ಹೇಳಿದ ಕಾರಣದಿಂದಲೇ: ಚಿತ್ರದ ಹಿಂದೆ ಸಂಖ್ಯೆಗಳಿವೆ. ಲಕ್ಷಾಂತರ ಚಿತ್ರಗಳನ್ನೂ ಪ್ರತಿಯೊಂದಕ್ಕೂ ‘ರೋಗ ಇತ್ತು’, ‘ಇರಲಿಲ್ಲ’ ಎಂಬ ಉತ್ತರವನ್ನೂ ಕೊಟ್ಟರೆ, ಎರಡನ್ನೂ ಬೆಸೆಯುವ ಸುಳಿವುಗಳನ್ನು ಕಂಪ್ಯೂಟರ್ ತಾನೇ ಹುಡುಕಿಕೊಳ್ಳುತ್ತದೆ. ಯಾವ ಸುಳಿವು ಎಂದು ನಾವು ಹೇಳಿಕೊಡುವುದಿಲ್ಲ. ಅದರ ಶಕ್ತಿ ಅದೇ, ಅಪಾಯವೂ ಅದೇ.

2018ರಲ್ಲಿ ಗೂಗಲ್ ಸಂಶೋಧಕರು ಸುಮಾರು 2.8 ಲಕ್ಷ ಜನರ ಅಕ್ಷಿಪಟಲದ, ಅಂದರೆ ಕಣ್ಣಿನ ಒಳಪರದೆಯ, ಫೋಟೊಗಳಿಂದ ಕಂಪ್ಯೂಟರಿಗೆ ತರಬೇತಿ ಕೊಟ್ಟರು. ಅದು ವ್ಯಕ್ತಿಯ ವಯಸ್ಸನ್ನು ಮೂರು-ನಾಲ್ಕು ವರ್ಷಗಳ ಅಂತರದಲ್ಲಿ ಹೇಳಿತು. ಧೂಮಪಾನದ ಅಭ್ಯಾಸವನ್ನು, ರಕ್ತದೊತ್ತಡವನ್ನು ಅಂದಾಜಿಸಿತು. ಫೋಟೊ ಗಂಡಸಿನದೋ ಹೆಂಗಸಿನದೋ ಎಂಬುದನ್ನೂ ಹೆಚ್ಚುಕಡಿಮೆ ತಪ್ಪಿಲ್ಲದೆ ಹೇಳಿತು. ಕಣ್ಣಿನ ವೈದ್ಯರು ಬೆರಗಾದದ್ದು ಇದಕ್ಕೆ. ಒಳಪರದೆಯನ್ನು ನೋಡಿ ಹೆಣ್ಣೋ ಗಂಡೋ ಹೇಳುವುದು ಅವರಿಗೆ ಆಗದ ಕೆಲಸ. ಸೂಕ್ಷ್ಮ ರಕ್ತನಾಳಗಳನ್ನು ಕೊಯ್ಯದೆ, ಚುಚ್ಚದೆ ನೇರವಾಗಿ ನೋಡಲು ಕಣ್ಣು ಒಂದು ಕಿಟಕಿ. ಹೃದಯದ ಸುದ್ದಿ ಕಣ್ಣಿನಲ್ಲಿ ಸಿಗುವುದಕ್ಕೆ ಅದೇ ಕಾರಣ.

ಅಪಾಯದ ಕಥೆಯೂ ಅದೇ ವರ್ಷದ್ದು. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಗುರುತಿಸಲು ಕಲಿಸಿದ ಕಂಪ್ಯೂಟರ್ ತಾನು ಕಲಿತ ಆಸ್ಪತ್ರೆಗಳ ಚಿತ್ರಗಳಲ್ಲಿ ಚೆನ್ನಾಗಿಯೇ ಹೇಳುತ್ತಿತ್ತು. ಹೊರಗಿನ ಆಸ್ಪತ್ರೆಯ ಚಿತ್ರ ಕೊಟ್ಟಾಗ ಮುಗ್ಗರಿಸಿತು. ಕೆದಕಿ ನೋಡಿದರೆ, ಚಿತ್ರ ಯಾವ ಆಸ್ಪತ್ರೆಯದು ಎಂಬುದನ್ನು ಅದು ಕಂಡುಹಿಡಿಯುತ್ತಿತ್ತು. ಚಿತ್ರದ ಮೂಲೆಯಲ್ಲಿ ತಂತ್ರಜ್ಞರು ಇಡುವ ಲೋಹದ ಗುರುತೂ ಅದಕ್ಕೆ ಸುಳಿವಾಗಿತ್ತು. ಯಾವ ಆಸ್ಪತ್ರೆಗೆ ನ್ಯುಮೋನಿಯಾ ರೋಗಿಗಳು ಹೆಚ್ಚು ಬರುತ್ತಿದ್ದರೋ ಅಲ್ಲಿನ ಚಿತ್ರಕ್ಕೆ ‘ನ್ಯುಮೋನಿಯಾ’ ಎನ್ನುವುದು ಅದಕ್ಕೆ ಲಾಭದ ದಾರಿಯಾಗಿತ್ತು. ಪಾಠ ಓದದೆ ಮೇಷ್ಟ್ರ ಮುಖ ನೋಡಿ ಉತ್ತರ ಹೇಳುವ ಹುಡುಗನ ಜಾಣತನ ಅದು.

ಮನುಷ್ಯರ ಕಣ್ಣೇನು ಕಡಿಮೆ ಮೋಸ ಹೋಗುವುದಿಲ್ಲ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 24 ರೇಡಿಯಾಲಜಿಸ್ಟರಿಗೆ ಶ್ವಾಸಕೋಶದ ಸಿ.ಟಿ. ಚಿತ್ರಗಳಲ್ಲಿ ಗಂಟುಗಳನ್ನು ಹುಡುಕಲು ಹೇಳಿ, ಒಂದು ಚಿತ್ರಸರಣಿಯಲ್ಲಿ ಗೊರಿಲ್ಲಾದ ಆಕೃತಿಯನ್ನು ಸೇರಿಸಿದ್ದರು. ಅದು ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದು. 20 ಜನರಿಗೆ ಅದು ಕಾಣಲೇ ಇಲ್ಲ. ಇದನ್ನು ಓದಿ ನಗಬಾರದು. ಹುಡುಕುವುದರಲ್ಲಿ ಮುಳುಗಿದ ಮನಸ್ಸು ಬೇರೇನನ್ನೂ ನೋಡುವುದಿಲ್ಲ ಎಂಬುದು ಎಲ್ಲರ ಕಥೆ.

ಎರಡೂ ಕಣ್ಣುಗಳನ್ನು ಒಟ್ಟಿಗೆ ಬಳಸಿದರೆ ಹೇಗೆ? ಸ್ವೀಡನ್ನಿನಲ್ಲಿ 80,000ಕ್ಕೂ ಹೆಚ್ಚು ಮಹಿಳೆಯರ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಮೇಲೆ ಇದನ್ನು ಪರೀಕ್ಷಿಸಿದರು. ಅಲ್ಲಿನ ರೂಢಿಯಂತೆ ಪ್ರತಿ ಚಿತ್ರವನ್ನು ಇಬ್ಬರು ತಜ್ಞರು ಓದಬೇಕು. ಒಂದು ಗುಂಪಿನಲ್ಲಿ ಕಂಪ್ಯೂಟರ್ ಮೊದಲು ನೋಡಿ, ಸಂಶಯ ಕಡಿಮೆ ಇರುವವನ್ನು ಒಬ್ಬರಿಗೂ ಹೆಚ್ಚಿರುವವನ್ನು ಇಬ್ಬರಿಗೂ ಹಂಚಿತು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತಜ್ಞರ ಓದಿನ ಹೊರೆ ಶೇ. 44ರಷ್ಟು ಇಳಿಯಿತು, ಪತ್ತೆಯಾದ ಕ್ಯಾನ್ಸರ್ ಕಡಿಮೆಯಾಗಲಿಲ್ಲ.

ಸಾವಿರ ಜನರ ಲೆಕ್ಕ

ಹಾಗಾದರೆ ಎಲ್ಲರೂ ಸ್ಕ್ಯಾನ್ ಮಾಡಿಸಿಕೊಂಡರೆ ಒಳ್ಳೆಯದಲ್ಲವೇ? ಒಂದು ಲೆಕ್ಕ ಹಾಕಿ ನೋಡೋಣ. ಸಾವಿರ ಆರೋಗ್ಯವಂತರಲ್ಲಿ ಹತ್ತು ಜನರಿಗೆ ಒಂದು ರೋಗ ಅಡಗಿದೆ ಎನ್ನಿ. ಪರೀಕ್ಷೆ ನೂರಕ್ಕೆ ತೊಂಬತ್ತರಷ್ಟು ನಿಖರ: ರೋಗವಿರುವ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ, ರೋಗವಿಲ್ಲದವರಲ್ಲಿ ನೂರಕ್ಕೆ ಹತ್ತು ಜನರನ್ನು ತಪ್ಪಾಗಿ ಹಿಡಿಯುತ್ತದೆ. ರೋಗವಿಲ್ಲದವರು 990, ಅವರಲ್ಲಿ 99 ಜನ ಸಿಕ್ಕಿಬಿದ್ದರು. ‘ಸಂಶಯವಿದೆ’ ಎಂದು ಕರೆಸಿಕೊಂಡವರು ಒಟ್ಟು 108, ಅವರಲ್ಲಿ ನಿಜವಾದ ರೋಗಿಗಳು ಒಂಬತ್ತೇ. ಯಂತ್ರ ಕೆಟ್ಟದ್ದೇನಲ್ಲ. ರೋಗ ಅಪರೂಪ, ಅಷ್ಟೇ. ಅದೇ ಯಂತ್ರವನ್ನು ಲಕ್ಷಣ ಇರುವವರ ಮೇಲೆ, ಅಂದರೆ ಸಾವಿರಕ್ಕೆ ಐನೂರು ಜನರಿಗೆ ರೋಗವಿರುವ ಗುಂಪಿನ ಮೇಲೆ ಬಳಸಿದರೆ, ಹಿಡಿದ ಹತ್ತರಲ್ಲಿ ಒಂಬತ್ತು ಸರಿಯಾಗಿರುತ್ತವೆ. ಪರೀಕ್ಷೆಯ ಬೆಲೆ ಪರೀಕ್ಷೆಯಲ್ಲಿ ಎಷ್ಟಿದೆಯೋ, ಯಾರಿಗೆ ಮಾಡಿದೆವು ಎಂಬುದರಲ್ಲೂ ಅಷ್ಟೇ ಇದೆ.

ಅಮೆರಿಕದಲ್ಲಿ ಬಹುಕಾಲ ವಿಪರೀತ ಧೂಮಪಾನ ಮಾಡಿದ್ದ, 55ರಿಂದ 74 ವಯಸ್ಸಿನ 53,454 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ಕಡಿಮೆ ವಿಕಿರಣದ ಸಿ.ಟಿ. ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು, ಎಕ್ಸ್‌ರೇ ಮಾಡಿಸಿಕೊಂಡವರಿಗಿಂತ ಶೇ. 20ರಷ್ಟು ಕಡಿಮೆ. ಇದು ನಿಜವಾದ ಗೆಲುವು. ಅದೇ ಅಧ್ಯಯನದಲ್ಲಿ ‘ಸಂಶಯವಿದೆ’ ಎಂದು ಬಂದ ಸಿ.ಟಿ. ಫಲಿತಾಂಶಗಳಲ್ಲಿ ನೂರಕ್ಕೆ 96 ಕ್ಯಾನ್ಸರ್ ಆಗಿರಲಿಲ್ಲ.

ದಕ್ಷಿಣ ಕೊರಿಯಾದ್ದು ಇನ್ನೊಂದು ಬಗೆ. 1999ರಿಂದ ಅಲ್ಲಿ ಕ್ಯಾನ್ಸರ್ ತಪಾಸಣೆ ವ್ಯಾಪಕವಾಯಿತು. ಅದರ ಜೊತೆಗೆ ಕುತ್ತಿಗೆಯ ಅಲ್ಟ್ರಾಸೌಂಡನ್ನೂ ಬಹಳ ಜನ ಮಾಡಿಸಿಕೊಂಡರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ಕ್ಕಿಂತ ಹದಿನೈದು ಪಟ್ಟಾಯಿತು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಸಿಕ್ಕವುಗಳಲ್ಲಿ ಬಹುಪಾಲು, ಬಿಟ್ಟಿದ್ದರೂ ಯಾರನ್ನೂ ಕಾಡದೆ ಒಳಗೇ ಇರುತ್ತಿದ್ದ ಪುಟ್ಟ ಗಂಟುಗಳು. ಕಂಡ ಮೇಲೆ ಬಿಡುವ ಧೈರ್ಯ ಯಾರಿಗಿದೆ? ಸಾವಿರಾರು ಜನರು ಗ್ರಂಥಿಯನ್ನು ತೆಗೆಸಿಕೊಂಡು ಬದುಕಿಡೀ ಮಾತ್ರೆ ನುಂಗುವಂತಾಯಿತು.

ವಿಕಿರಣದ ಭಯದ ಬಗ್ಗೆಯೂ ಎರಡು ಮಾತು. ದೇಹಕ್ಕೆ ತಗುಲುವ ವಿಕಿರಣವನ್ನು ಅಳೆಯುವ ಮಾನ ಮಿಲಿಸೀವರ್ಟ್. ಎದೆಯ ಒಂದು ಎಕ್ಸ್‌ರೇಯಲ್ಲಿ ಹೆಚ್ಚೆಂದರೆ 0.1 ಮಿಲಿಸೀವರ್ಟ್, ಎದೆಯ ಸಾಮಾನ್ಯ ಸಿ.ಟಿ. ಯಲ್ಲಿ ಸುಮಾರು 6ರಿಂದ 7, ಕಡಿಮೆ ವಿಕಿರಣದ ಸಿ.ಟಿ. ಯಲ್ಲಿ ಸುಮಾರು 1.5. ನೆಲ, ಗಾಳಿ, ಆಕಾಶಗಳಿಂದ ನಮಗೆ ವರ್ಷಕ್ಕೆ ಸಿಗುವುದೇ 2ರಿಂದ 3 ಮಿಲಿಸೀವರ್ಟ್. ಬೇಕಾದ ಸ್ಕ್ಯಾನ್ ಬೇಡವೆನ್ನಲು ಇದು ಕಾರಣವಲ್ಲ. ಬೇಡದ್ದನ್ನು ಮತ್ತೆ ಮತ್ತೆ ಮಾಡಿಸದಿರಲು, ಅದರಲ್ಲೂ ಮಕ್ಕಳಿಗೆ, ಕಾರಣ ಹೌದು.

ಆರು ತಿಂಗಳು ಏಕೆ ಕಾಯಬೇಕು?

ಈಗ ಆ 7 ಮಿಲಿಮೀಟರ್ ಗಂಟಿಗೆ ಬರೋಣ. ಇಂಥ ಗಂಟುಗಳಲ್ಲಿ ಹೆಚ್ಚಿನವು ಹಳೆಯ ಸೋಂಕಿನ ಕಲೆಗಳು. ಕ್ಯಾನ್ಸರೇ ಆಗಿದ್ದರೂ ಈ ಗಾತ್ರದಲ್ಲಿ ಚಿತ್ರ ಮಾತ್ರ ನೋಡಿ ಅದನ್ನು ಕಲೆಯಿಂದ ಬೇರ್ಪಡಿಸುವುದು ಕಷ್ಟ. ಸೂಜಿ ಹಾಕಿ ತುಣುಕು ತೆಗೆಯೋಣವೆಂದರೆ ಉಸಿರಿನ ಜೊತೆ ಏರಿಳಿಯುವ ಶ್ವಾಸಕೋಶದಲ್ಲಿ ಇಷ್ಟು ಚಿಕ್ಕದಕ್ಕೆ ಗುರಿಯಿಡುವುದೂ ಸುಲಭವಲ್ಲ. ಚುಚ್ಚಿದ ಜಾಗದಿಂದ ಗಾಳಿ ಸೋರಿ ಶ್ವಾಸಕೋಶ ಕುಗ್ಗುವ ಅಪಾಯವೂ ಇದೆ.

ಉಳಿಯುವುದು ಬೆಳವಣಿಗೆಯ ಅಳತೆ. ಶ್ವಾಸಕೋಶದ ಗಟ್ಟಿ ಕ್ಯಾನ್ಸರ್ ಗಂಟುಗಳ ಘನಗಾತ್ರ ಸಾಮಾನ್ಯವಾಗಿ ನೂರರಿಂದ ನಾನೂರು ದಿನಗಳಲ್ಲಿ ದುಪ್ಪಟ್ಟಾಗುತ್ತದೆ. ಕೆಲವೇ ದಿನಗಳಲ್ಲಿ ದುಪ್ಪಟ್ಟಾದರೆ ಅದು ಸೋಂಕಿರಬಹುದು. ಎರಡು ವರ್ಷ ಕಳೆದರೂ ಇದ್ದಂತೆಯೇ ಇದ್ದರೆ ಗಟ್ಟಿ ಗಂಟು ನಿರುಪದ್ರವಿ ಎಂದೇ ಲೆಕ್ಕ. ಸಮಸ್ಯೆ ಎಲ್ಲಿದೆಯೆಂದರೆ, 7 ಮಿಲಿಮೀಟರ್ ಉಂಡೆಯ ಘನಗಾತ್ರ ದುಪ್ಪಟ್ಟಾದರೂ ಅದರ ಅಡ್ಡಳತೆ 8.8 ಮಿಲಿಮೀಟರ್ ಆಗುತ್ತದೆ, ಅಷ್ಟೇ. ಒಂದೇ ಗಂಟನ್ನು ಎರಡು ಸಲ ಅಳೆದರೆ ಬರುವ ಏರುಪೇರೇ ಒಂದು ಒಂದೂವರೆ ಮಿಲಿಮೀಟರ್ ಇರಬಹುದು. ಎರಡು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದರೆ ಗಂಟು ಬೆಳೆಯಿತೋ, ಅಳತೆ ಅಲುಗಿತೋ ಹೇಳಲಾಗದು. ಆ ಏರುಪೇರನ್ನು ಮೀರಿ ನಿಜವಾದ ಬೆಳವಣಿಗೆ ಕಾಣಲು ತಿಂಗಳುಗಳು ಬೇಕು. ಅಷ್ಟರೊಳಗೆ ಇಷ್ಟು ಚಿಕ್ಕ ಗಂಟು ಕೈಮೀರಿ ಹೋಗುವ ಸಂಭವ ಕಡಿಮೆ. ‘ಆರು ತಿಂಗಳು’ ಎಂಬುದು ಈ ಎರಡರ ನಡುವೆ ಹೊಂದಿಸಿದ ಅವಧಿ. ಧೂಮಪಾನಿಗಳಿಗೆ, ಗಂಟಿನ ಅಂಚು ಮುಳ್ಳುಮುಳ್ಳಾಗಿರುವವರಿಗೆ ವೈದ್ಯರು ಇದನ್ನು ಬದಲಿಸುತ್ತಾರೆ.

ಮರುಪರೀಕ್ಷೆಗೆ ಹೋಗುವಾಗ ಹಳೆಯ ವರದಿಯ ಕಾಗದವಷ್ಟೇ ಸಾಲದು, ಹಳೆಯ ಚಿತ್ರಗಳಿರುವ ಸಿ.ಡಿ. ಅಥವಾ ಕಡತ ಜೊತೆಗಿರಬೇಕು. ಐದು ವರ್ಷದ ಹಿಂದೆ ಬೇರೇನಕ್ಕೋ ತೆಗೆಸಿದ ಎದೆಯ ಸಿ.ಟಿ. ಮನೆಯ ಕಪಾಟಿನಲ್ಲಿದ್ದರೆ ಅದನ್ನು ಈಗಲೇ ತೋರಿಸಬಹುದು. ಅದರಲ್ಲಿ ಅದೇ ಜಾಗದಲ್ಲಿ ಅದೇ ಗಾತ್ರದ ಗಂಟು ಕಂಡರೆ, ಆ ಆರು ತಿಂಗಳ ಕಾಯುವಿಕೆಯ ಅಗತ್ಯವೇ ಬೀಳದಿರಬಹುದು.